ಕಿಲೋ ಲೆಕ್ಕದ ಕರೆಂಟು

ಮೊಬೈಲ್ ಟವರಿನ ಬುಡದಲ್ಲಿ, ತಂತಿಬೇಲಿಯ ಒಳಗೆ, ಒಂದು ಉಕ್ಕಿನ ಗೂಡಿರುತ್ತದೆ. ಅದರಲ್ಲಿ ತಲಾ 2 ವೋಲ್ಟಿನ 24 ಸೆಲ್‌ಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂತಿರುತ್ತವೆ. ಕರೆಂಟು ಹೋದಾಗ ನಮ್ಮ ಫೋನಿನ ಸಿಗ್ನಲ್ ಉಳಿಯುವುದು ಇವುಗಳ ದಯೆಯಿಂದ. 600 ಆಂಪಿಯರ್-ಅವರ್‌ನ ಒಂದು ಸೆಲ್ 40 ಕಿಲೋ ಆಸುಪಾಸು ತೂಗುತ್ತದೆ, 24 ಸೇರಿದರೆ ಹತ್ತಿರಹತ್ತಿರ ಒಂದು ಟನ್. ಸಾಮರ್ಥ್ಯ ಶೇ 80ಕ್ಕೆ ಇಳಿಯಿತೆಂದರೆ ಉದ್ಯಮದ ರೂಢಿಯಂತೆ ಇವುಗಳ ಆಯುಷ್ಯ ಮುಗಿಯಿತು. ಗೂಡನ್ನು ಖಾಲಿ ಮಾಡಿ ಹೊಸದನ್ನು, ಈಚೆಗಂತೂ ಹೆಚ್ಚಾಗಿ ಲಿಥಿಯಂ ಬ್ಯಾಟರಿಯನ್ನು, ತಂದಿಡುತ್ತಾರೆ. ತೆಗೆದ ಮಾಲಿನ ಬಹುಪಾಲು ಸೀಸ ಕರಗಿಸುವ ಕುಲುಮೆಗೆ ಹೋಗುತ್ತದೆ. ಒಂದಿಷ್ಟು ಮಾತ್ರ ಗುಜರಿಯವರು, ಇನ್ವರ್ಟರ್ ರಿಪೇರಿಯವರು ಹೀಗೆ ಕೈಯಿಂದ ಕೈಗೆ ದಾಟಿ, ಘಟ್ಟದ ಯಾವುದೋ ಒಂಟಿಮನೆಯ ಕೊಟ್ಟಿಗೆ ಪಕ್ಕದ ಕೋಣೆಗೆ ಬಂದು ಸೇರುತ್ತದೆ.

ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದ ರಾಜ್ಯದಲ್ಲಿ ಈ ಉಸಾಬರಿ ಯಾರಿಗೆ ಬೇಕು ಎನ್ನಬಹುದು. ಕಂಬವೇ ಬಾರದ ಮನೆಗೆ ಬಿಲ್ಲು ಮನ್ನಾ ಆದರೆಷ್ಟು, ಬಿಟ್ಟರೆಷ್ಟು? ಕಾಡಿನ ನಡುವಿನ ಮನೆಗಳಿಗೆ ಲೈನ್ ಎಳೆಯಲು ಅರಣ್ಯ ಇಲಾಖೆಯ ಅನುಮತಿಯ ತೊಡಕಿದೆ. ಲೈನ್ ಇರುವ ಕಡೆಯೂ ಆಷಾಢದ ಗಾಳಿಗೆ ಮರ ಬಿದ್ದರೆ ವಾರಗಟ್ಟಲೆ ಕತ್ತಲೆ. ಮಲೆನಾಡಿಗೆ ಸೋಲಾರ್ ಹೊಸದೇನಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಮತ್ತು ಅದರ ಹಾದಿಯಲ್ಲಿ ಬಂದ ಹಲವರು ಚಿಕ್ಕ ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ ಎಂಬ ಲೆಕ್ಕದಲ್ಲಿ ಸಾವಿರಾರು ಮನೆ ಬೆಳಗಿಸಿದರು. ಸೆಲ್ಕೊ ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದರೆ ನಾಲ್ಕು ದೀಪದ ಕಾಲ ದಾಟಿಹೋಗಿದೆ. ಮನೆಗೆ ಫ್ಯಾನು, ಟಿವಿ, ಮಿಕ್ಸಿ, ಇಂಟರ್‌ನೆಟ್ಟಿನ ರೂಟರ್ ಎಲ್ಲವೂ ಬೇಕು. ಪ್ಯಾನೆಲ್ಲಿನ ಬೆಲೆ ಇಳಿದಷ್ಟು ಬ್ಯಾಟರಿಯ ಬೆಲೆ ಇಳಿದಿಲ್ಲ. ಹಾಗಾಗಿ ಹಳೆ ಬ್ಯಾಟರಿಯ ಮೇಲೆ ಕಣ್ಣು ಬೀಳುವುದು ಸಹಜ.

ಮಾರುವವನು ಯಾವಾಗಲೂ ಆಂಪಿಯರ್-ಅವರ್ ಮಾತಾಡುತ್ತಾನೆ. ‘ಆರುನೂರು ಎಎಚ್ ಸಾರ್, ಇಡೀ ಊರಿಗೆ ಸಾಕು.’ ಕೊಳ್ಳುವವರು ಮಾತಾಡಬೇಕಾದ್ದು ಕಿಲೋ ಲೆಕ್ಕದಲ್ಲಿ. ಎಷ್ಟು ಕೊಡಬೇಕು, ಹೇಗೆ ತರಬೇಕು, ಎಲ್ಲಿ ಇಡಬೇಕು, ಕೊನೆಗೆ ಎಲ್ಲಿಗೆ ಕಳಿಸಬೇಕು, ನಾಲ್ಕನ್ನೂ ತೀರ್ಮಾನಿಸುವುದು ತೂಕ. ಆಂಪಿಯರ್-ಅವರ್ ಎಂಬುದು ಆ ಸೆಲ್ ಹೊಸದಾಗಿದ್ದಾಗ ಅದರ ಮೈಮೇಲೆ ಅಚ್ಚು ಹಾಕಿದ ಸಂಖ್ಯೆ, ಅಷ್ಟೆ. ಈಗ ಒಳಗೆ ಎಷ್ಟು ಉಳಿದಿದೆ ಎನ್ನುವುದು ಬೇರೆಯದೇ ಪ್ರಶ್ನೆ.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿದ್ದು 1859ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಬ್ಯಾಟರಿಯ ರಸಾಯನ ಬದಲಾಗಿಲ್ಲ. ಒಂದು ಕಿಲೋ ಬ್ಯಾಟರಿ ಹಿಡಿದಿಡುವುದು 30ರಿಂದ 40 ವಾಟ್-ಅವರ್ ಮಾತ್ರ. ಫೋರ್ಕ್‌ಲಿಫ್ಟ್ ಗಾಡಿಗಳಲ್ಲಿ ಈ ಭಾರವೇ ಗುಣ: ಮುಂದೆ ಎತ್ತಿದ ಸರಕಿಗೆ ಹಿಂದಿನ ಬ್ಯಾಟರಿಯೇ ಸಮತೂಕ. ಅಮೆರಿಕದಲ್ಲಿ ಲೈನಿನ ಹಂಗಿಲ್ಲದೆ ಬದುಕುವವರು ಇಂಥ ಹಳೆಯ ಫೋರ್ಕ್‌ಲಿಫ್ಟ್ ಬ್ಯಾಟರಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಉಕ್ಕಿನ ಡಬ್ಬಿಯಲ್ಲಿ ಒಂದೇ ಗಡ್ಡೆಯಾಗಿ ಬರುವ ಆ ಒಂದು ಟನ್ನನ್ನು ಅಂಗಳಕ್ಕಿಳಿಸಲು ಅವರಿಗೆ ಟ್ರ್ಯಾಕ್ಟರ್ ಇದೆ, ಅಂಗಳದವರೆಗೆ ರಸ್ತೆಯೂ ಇದೆ. ಜೀಪು ನಿಲ್ಲುವ ಜಾಗದಿಂದ ಮನೆಗೆ ಕಾಲುಹಾದಿಯೇ ಇರುವ ನಮ್ಮ ಕಡೆಗೆ ಅದು ಹೇಳಿದ್ದಲ್ಲ. ನಮಗೆ ಬಿಡಿಬಿಡಿಯಾಗಿ ಹೊರಬಹುದಾದ 2 ವೋಲ್ಟಿನ ಸೆಲ್ಲೇ ವಾಸಿ.

ಇನ್ನೂ ಒಂದು ಕಾರಣಕ್ಕೆ ವಾಸಿ. ಮನೆಮನೆಯ ಇನ್ವರ್ಟರಿಗೆ ಹಾಕುವ 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಯೊಳಗೂ ಇರುವುದು ಆರು ಸೆಲ್‌ಗಳೇ. ಅವುಗಳಲ್ಲಿ ಒಂದು ಸತ್ತರೆ ಉಳಿದ ಐದೂ ವ್ಯರ್ಥ, ಬಿಚ್ಚಿ ಬದಲಾಯಿಸುವಂತಿಲ್ಲ. ಬಿಡಿ ಸೆಲ್‌ಗಳಾದರೆ ಕೆಟ್ಟದ್ದನ್ನು ಎತ್ತಿಟ್ಟು ಇನ್ನೊಂದನ್ನು ಕೂರಿಸಬಹುದು. ಯಾರಾದರೂ ಹಳೆಯ ಟ್ಯೂಬುಲರ್ ಅಗ್ಗಕ್ಕಿದೆ ಎಂದರೆ ನನ್ನ ಸಲಹೆ: ಅದು ಎಷ್ಟೇ ಅಗ್ಗವಾದರೂ ದುಬಾರಿ.

ಬೆಲೆಯ ಮಾತು. ಹಳೆ ಬ್ಯಾಟರಿಗೆ ಎರಡು ಬೆಲೆ ಇರುತ್ತವೆ, ಬ್ಯಾಟರಿಯಾಗಿ ಒಂದು, ಸೀಸವಾಗಿ ಇನ್ನೊಂದು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಅದರ ಸಂಯುಕ್ತಗಳೇ ಆಗಿರುವುದರಿಂದ ಎರಡನೆಯ ಬೆಲೆ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಆ ದಿನದ ಗುಜರಿ ದರ ವಿಚಾರಿಸಿ, ಸೆಲ್ಲಿನ ತೂಕಕ್ಕೆ ಗುಣಿಸಿ, ಅದರ ಮೇಲೆ ಕಾಲುಭಾಗ ಸೇರಿಸಿ. ಅದನ್ನು ದಾಟಿ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ಗುಜರಿ ದರದ ಎರಡು ಪಟ್ಟು ಕೇಳುವವನ ಹತ್ತಿರ ನಿಲ್ಲುವುದಕ್ಕಿಂತ ಗ್ಯಾರಂಟಿ ಇರುವ ಹೊಸದನ್ನು ತರುವುದು ಒಳ್ಳೆಯದು. ಕೊಟ್ಟ ಹಣದ ಬಹುಪಾಲು ನಾಲ್ಕೈದು ವರ್ಷದ ಮೇಲೆ ಅದೇ ತೂಕದ ಲೆಕ್ಕದಲ್ಲಿ ವಾಪಸು ಬರುತ್ತದೆ. ನಿಜಕ್ಕೂ ಕೈಬಿಟ್ಟು ಹೋಗುವುದು ಮೇಲಿನ ಆ ಕಾಲುಭಾಗ, ಜೊತೆಗೆ ಗಾಡಿ ಬಾಡಿಗೆ ಮತ್ತು ಹಮಾಲಿ. ಘಟ್ಟದ ಮೇಲೆ ಈ ಕೊನೆಯ ಎರಡು ಸಣ್ಣವಲ್ಲ.

ಪರೀಕ್ಷೆಗೆ ಬರೋಣ. ಅಂಗಡಿಯಲ್ಲಿ ಮಲ್ಟಿಮೀಟರ್ ಹಿಡಿದು ‘ನೋಡಿ, ಹದಿಮೂರು ವೋಲ್ಟ್ ಇದೆ’ ಎಂದು ತೋರಿಸುವುದು ಹಳೆಯ ಆಟ. ನೀವು ಬರುವುದಕ್ಕೆ ಒಂದು ಗಂಟೆ ಮೊದಲಷ್ಟೇ ಚಾರ್ಜರ್ ಬಿಚ್ಚಿದ್ದರೆ ಯಾವ ಮುದಿ ಬ್ಯಾಟರಿಯೂ ಅಷ್ಟು ತೋರಿಸುತ್ತದೆ. ಚಾರ್ಜಿನಿಂದ ಬಿಡಿಸಿ ಒಂದು ರಾತ್ರಿ ಸುಮ್ಮನೆ ಬಿಟ್ಟ ಮೇಲೆ ಟವರಿನ ಸೆಲ್ 2.1 ವೋಲ್ಟಿನ ಮೇಲಿದ್ದರೆ ಮುಂದಿನ ಮಾತು. ಹಾಗೆ ಬಿಟ್ಟಾಗಲೇ 2 ವೋಲ್ಟಿನ ಕೆಳಗೆ ಜಾರುವುದನ್ನು ಮುಟ್ಟಬೇಡಿ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಹೈಡ್ರೋಮೀಟರ್ ಇಳಿಬಿಟ್ಟು ನೋಡುವುದು ರೂಢಿ. ಪೂರ್ತಿ ಚಾರ್ಜಾದ ಟ್ಯೂಬುಲರಿನಲ್ಲಿ ಆಮ್ಲದ ಸಾಂದ್ರತೆ 1.240ರ ಸುತ್ತಮುತ್ತ ಇರಬೇಕು, ಒಂದು ಸೆಲ್ಲಿಗೂ ಇನ್ನೊಂದಕ್ಕೂ 30 ಪಾಯಿಂಟಿಗಿಂತ (0.030) ಹೆಚ್ಚು ಅಂತರ ಇರಬಾರದು. ಇಲ್ಲೂ ಒಂದು ಕೈಚಳಕ ನಡೆಯುತ್ತದೆ. ಸೋತ ಬ್ಯಾಟರಿಗೆ ಹೊಸ ಆಸಿಡ್ ಸುರಿದರೆ ಹೈಡ್ರೋಮೀಟರಿನ ತೇಲುಗೋಲು ಮೇಲೆ ಬರುತ್ತದೆ, ಬ್ಯಾಟರಿ ಮಾತ್ರ ಮೇಲೇಳುವುದಿಲ್ಲ.

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಒಳ್ಳೆಯ ಸಾಧನ ಈಗಾಗಲೇ ಇದೆ, ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ. ಟವರಿನ ಸೆಲ್‌ಗಳು ಮುಚ್ಚಿದ ಬಗೆಯವು, ಅವಕ್ಕೆ ನೀರು ಹಾಕಲು ಬಾಯಿಯಿಲ್ಲ. ವರ್ಷಗಟ್ಟಲೆ ಬಿಸಿಲಿನ ಗೂಡಿನಲ್ಲಿ ಕುದ್ದು ಒಳಗಿನ ನೀರಿನಂಶ ಸ್ವಲ್ಪಸ್ವಲ್ಪವೇ ಆರಿಹೋಗಿರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಗಟ್ಟಿ ಲೆಕ್ಕ. ಒಂದೇ ಕಂಪನಿಯ, ಒಂದೇ ತಾರೀಕಿನ ಸೆಲ್‌ಗಳನ್ನು ಸಾಲಾಗಿ ತೂಗುತ್ತಾ ಹೋಗಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಗುತ್ತಿರುವಾಗ ಯಾವುದೋ ಒಂದು ಅರ್ಧ ಕಿಲೋ, ಮುಕ್ಕಾಲು ಕಿಲೋ ಹಗುರ ಬಂದರೆ ಅದು ಒಣಗಿದೆ ಎಂದು ಗುಮಾನಿ ಪಡಬಹುದು. ಹೊಟ್ಟೆ ಉಬ್ಬಿದ್ದು, ಪಾಸಿಟಿವ್ ಟರ್ಮಿನಲ್ ಕಂಬ ಮುಚ್ಚಳವನ್ನು ಮೇಲಕ್ಕೆ ನೂಕಿರುವುದು, ಕಂಬದ ಬುಡದಲ್ಲಿ ಬಿರುಕು ಬಿಟ್ಟು ಬಿಳಿ-ಹಸಿರು ಹುಡಿ ಕಟ್ಟಿರುವುದು, ಇವಕ್ಕೆ ತಕ್ಕಡಿಯೂ ಬೇಡ. ಒಳಗಿನ ಸೀಸದ ಜಾಲರಿ ತುಕ್ಕು ಹಿಡಿದು ಬೆಳೆಯುತ್ತಾ ಡಬ್ಬಿಯನ್ನೇ ತಳ್ಳುತ್ತಿದೆ ಎಂದರ್ಥ.

ಇಷ್ಟೆಲ್ಲ ದಾಟಿದ ಸೆಲ್‌ಗಳಿಗೆ ಕೊನೆಯ, ಮೋಸವಿಲ್ಲದ ಪರೀಕ್ಷೆ ಕಾರಿನ ಹೆಡ್‌ಲೈಟ್ ಬಲ್ಬು. 12 ವೋಲ್ಟಿನ, 60 ವಾಟಿನ ಹ್ಯಾಲೋಜನ್ ಬಲ್ಬು ಹತ್ತಿರಹತ್ತಿರ 5 ಆಂಪಿಯರ್ ಎಳೆಯುತ್ತದೆ. ಆರು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟ್. 600 ಆಂಪಿಯರ್-ಅವರ್‌ನ ಸೆಲ್ ಹತ್ತು ಗಂಟೆಯಲ್ಲಿ ಖಾಲಿಯಾಗಬೇಕಾದರೆ 60 ಆಂಪಿಯರ್ ಎಳೆಯಬೇಕು, ಅಂದರೆ ಹನ್ನೆರಡು ಬಲ್ಬು. ತಗಡಿನ ಮೇಲೆ ಹನ್ನೆರಡು ಬಲ್ಬು ಸಾಲಾಗಿ ಉರಿಯುವ ಆ ನೋಟ ತೇರಿನ ಅಲಂಕಾರವನ್ನೂ ಮೀರಿಸುತ್ತದೆ, ಮುಟ್ಟಿದರೆ ಮಾತ್ರ ಬೆರಳು ಸುಡುತ್ತದೆ. ಬೆಳಿಗ್ಗೆ ತಿಂಡಿ ಮುಗಿಸಿ ಹಚ್ಚಿ, ಗಂಟೆಗೊಮ್ಮೆ ಪ್ರತಿ ಸೆಲ್ಲಿನ ವೋಲ್ಟೇಜ್ ಬರೆಯುತ್ತಾ ಹೋಗಿ. ಎಲ್ಲ ಸೆಲ್‌ಗಳೂ ಜೊತೆಜೊತೆಗೆ ಇಳಿಯುತ್ತಿರಬೇಕು. ಮೊದಲು 1.8 ವೋಲ್ಟ್ ಮುಟ್ಟುವುದೇ ಆ ಸಾಲಿನ ಸೋತ ಕೊಂಡಿ, ಅದು ಮುಟ್ಟಿದ ಕೂಡಲೇ ಎಲ್ಲವನ್ನೂ ಆರಿಸಿ. ಆರು ಗಂಟೆ ನಡೆದಿದ್ದರೆ ಸಾಮರ್ಥ್ಯ ಶೇ 60 ಉಳಿದಿದೆ. ಮೂರೇ ಗಂಟೆಗೆ ಬಿದ್ದಿದ್ದರೆ ಆ ಸೆಲ್ಲನ್ನು ಬಿಟ್ಟು ಬೇರೆಯದನ್ನು ಕೇಳಿ. ಒಪ್ಪುವ ವ್ಯಾಪಾರಿಗಳಿದ್ದಾರೆ. ಒಪ್ಪದವನಿಗೆ ತನ್ನ ಮಾಲಿನ ಗುಟ್ಟು ಗೊತ್ತಿದೆ ಎಂದುಕೊಳ್ಳಿ. ಪರೀಕ್ಷೆ ಮುಗಿದ ದಿನವೇ ಮತ್ತೆ ಪೂರ್ತಿ ಚಾರ್ಜ್ ಮಾಡುವುದನ್ನು ಮರೆಯಬಾರದು. ಖಾಲಿ ಬಿಟ್ಟ ಬ್ಯಾಟರಿಯಲ್ಲಿ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಅದು ಕರಗುವುದು ಕಷ್ಟ.

ಎಷ್ಟು ಸೆಲ್ ಬೇಕು? ಇಡೀ ಗೂಡು ಅಗ್ಗಕ್ಕೆ ಬಂತೆಂದು 24ನ್ನೂ ಹೊತ್ತು ತರುವವರಿದ್ದಾರೆ. ಲೆಕ್ಕ ಹಾಕಿ. 7 ವಾಟಿನ ಆರು ಎಲ್‌ಇಡಿ ಐದು ಗಂಟೆ, 30 ವಾಟಿನ ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆ, 50 ವಾಟಿನ ಟಿವಿ ನಾಲ್ಕು ಗಂಟೆ, ದಿನವಿಡೀ ಉರಿಯುವ 10 ವಾಟಿನ ರೂಟರ್, ಹತ್ತು ನಿಮಿಷದ ಮಿಕ್ಸಿ, ಎರಡು ಮೊಬೈಲು: ಎಲ್ಲ ಕೂಡಿದರೆ ದಿನಕ್ಕೆ ಒಂದು ಯೂನಿಟ್. ಆರು ಸೆಲ್ಲಿನ ಹೊಸ ಸಾಮರ್ಥ್ಯ 7.2 ಯೂನಿಟ್. ಶೇ 60 ಉಳಿದಿದೆ ಎಂದರೆ 4.3. ಅದರಲ್ಲಿ ಅರ್ಧ ಮಾತ್ರ ಬಳಸುವುದು ಜಾಣತನ, ಉಳಿಯಿತು 2.1. ಬಿಸಿಲಿಲ್ಲದ ಎರಡು ದಿನಕ್ಕೆ ಸಾಕು. ಆರು ಸೆಲ್ ಎಂದರೆ 240 ಕಿಲೋ. ಕೈಬದಲಿಗೆ ಒಂದೆರಡು ಹೆಚ್ಚಿಗೆ ತನ್ನಿ. ಉಳಿದ ಮುಕ್ಕಾಲು ಟನ್ನು ಹೊರುವ ಕರ್ಮ ಏಕೆ? ಜೂನ್‌ನಿಂದ ಆಗಸ್ಟ್‌ವರೆಗಿನ ಮಾತಿಗಂತೂ ಎಷ್ಟು ಬ್ಯಾಟರಿ ಇಟ್ಟರೂ ಉತ್ತರವಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆಯಂಥ ಜಾಗದಲ್ಲಿ ಬ್ಯಾಟರಿ ತುಂಬಿಸಲು ಸೂರ್ಯನೇ ಇರುವುದಿಲ್ಲ. ಮನೆ ಹಿಂದೆ ಹಳ್ಳವಿದ್ದವರು ಆ ಮೂರು ತಿಂಗಳಿಗೆ ಪೈಪಿನ ತುದಿಗೊಂದು ಕಿರು ಟರ್ಬೈನ್ ಕಟ್ಟಿಕೊಂಡದ್ದು ಇದಕ್ಕೇ. ಅದು ಹಗಲು ರಾತ್ರಿ ತಿರುಗುವುದರಿಂದ ಬ್ಯಾಟರಿ ಚಿಕ್ಕದಿದ್ದರೂ ನಡೆಯುತ್ತದೆ.

ಈಗ ಹೊರುವ ಕೆಲಸ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ, ಅಂದರೆ ಸರಕು ಮೈಗೆ ಹತ್ತಿರವಿದ್ದು, ಹಿಡಿ ಗಟ್ಟಿಯಿದ್ದು, ಸೊಂಟ ತಿರುಚದೆ ಎತ್ತುವಾಗಲೂ, ಒಬ್ಬರಿಗೆ 23 ಕಿಲೋ ಮಿತಿ. 50 ಕಿಲೋ ಅಕ್ಕಿ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತುವ ನಮ್ಮವರಿಗೆ ಈ ಸಂಖ್ಯೆ ನಗು ತರಿಸೀತು. ಆದರೆ ಅಕ್ಕಿ ಮೂಟೆ ಬೆನ್ನಿನ ಆಕಾರಕ್ಕೆ ಬಗ್ಗುತ್ತದೆ, ಜಾರಿದರೆ ಕೈಬಿಟ್ಟರಾಯಿತು. ಸೆಲ್ಲಿಗೆ ಮೊನೆಗಳಿವೆ, ಹಿಡಿಯಿಲ್ಲ, ಬೀಳಿಸುವಂತಿಲ್ಲ. ಹಿಡಿಯಿಲ್ಲದ್ದಕ್ಕೇ ಜನ ತಪ್ಪು ಜಾಗಕ್ಕೆ ಕೈ ಹಾಕುತ್ತಾರೆ, ಮೇಲೆ ಎದ್ದು ಕಾಣುವ ಟರ್ಮಿನಲ್ ಕಂಬಗಳಿಗೆ. ಸೀಸ ಮೆತ್ತಗಿನ ಲೋಹ. ಕಂಬ ಹಿಡಿದು 40 ಕಿಲೋ ಎತ್ತಿದರೆ ಅದರ ಬುಡದ ಬಿಗಿ ಸಡಿಲಾಗುತ್ತದೆ. ಆ ದಿನ ಏನೂ ಕಾಣದು, ಆರು ತಿಂಗಳಿಗೆ ಅಲ್ಲಿಂದ ಆಮ್ಲ ಜಿನುಗತೊಡಗುತ್ತದೆ.

ಹೊಸನಗರದ ಕಡೆಯ ಒಂದು ತೋಟದ ಮನೆಗೆ ಸೆಲ್‌ಗಳು ಬಂದದ್ದನ್ನು ನಿಂತು ನೋಡಿದ್ದೇನೆ. ರಸ್ತೆ ಹಳ್ಳದ ಆಚೆಗೇ ಮುಗಿಯುತ್ತದೆ. ಈಚೆಗೆ ಬರಲು ಅಡಿಕೆ ಮರದ ಸಂಕ, ಹಿಡಿದುಕೊಳ್ಳಲು ಒಂದು ಕಡೆ ಬಿದಿರು. ಹೊರಲು ಬಂದಿದ್ದ ಇಬ್ಬರಲ್ಲಿ ಹಿರಿಯ ಗಾಡಿಯಲ್ಲೇ ಕೂತು ಹಳೆಯ ಸೈಕಲ್ ಟ್ಯೂಬನ್ನು ತುಂಡು ಮಾಡಿ ಪ್ರತಿ ಕಂಬಕ್ಕೂ ಟೋಪಿ ತೊಡಿಸಿದ. ಆಮೇಲೆ ಸೆಲ್ಲನ್ನು ನಿಲ್ಲಿಸಿದಂತೆಯೇ ಗೋಣಿಚೀಲದೊಳಗೆ ಇಳಿಸಿ, ಹಗ್ಗವನ್ನು ಅಡಿಯಿಂದ ಅಡ್ಡಡ್ಡ ಎರಡು ಸುತ್ತು ತಂದು ಬಿದಿರಿನ ಅಡ್ಡೆಗೆ ಕಟ್ಟಿದರು. ಹಗ್ಗ ಗೇಣುದ್ದವೂ ಇರಲಿಲ್ಲ. ಉದ್ದ ಬಿಟ್ಟರೆ ನಡೆಯುವಾಗ ಸೆಲ್ ತೂಗಾಡುತ್ತದೆ, ಸಂಕದ ಮೇಲೆ ಒಂದು ತೂಗು ಸಾಕು. ಇಬ್ಬರ ಹೆಗಲಿಗೂ ತಲಾ 20 ಕಿಲೋ ಬಿತ್ತು. ಕಾಲು ಬದಲಿಸುವಾಗ ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕದೆ, ಹಿಂದಿನವನು ಅರ್ಧ ಹೆಜ್ಜೆ ತಡೆದು ಇಡುತ್ತಿದ್ದ, ಸಂಕ ಲಯ ಹಿಡಿದು ಕುಣಿಯಬಾರದಲ್ಲ. ನಿಯೋಶ್‌ನ ಸೂತ್ರ ಅವರು ಓದಿದವರಲ್ಲ, ಆದರೂ ಅದರ ಮಿತಿಯೊಳಗೇ ಇದ್ದರು. ಸಂಕದ ಮೇಲೆ ಒಮ್ಮೆಗೆ ಒಂದೇ ಸೆಲ್ ಎಂಬುದು ಅವರೇ ಹಾಕಿಕೊಂಡ ಕಾನೂನು. ಮಳೆ ಬಿಟ್ಟು ಸಂಕ ಒಣಗುವ ತನಕ ಗಾಡಿಯಲ್ಲೇ ಕಾದಿದ್ದರು, ಬಾಡಿಗೆ ಏರಿದರೂ.

ಈ ಸಂಕದ ಕೆಲಸ ಮುಚ್ಚಿದ ಸೆಲ್ಲಾದ್ದರಿಂದ ಇಷ್ಟು ಸಲೀಸು. ನೀರು ಹಾಕುವ ಟ್ಯೂಬುಲರ್, 12 ವೋಲ್ಟಿನ 150 ಆಂಪಿಯರ್-ಅವರ್‌ನದು, ಆಸಿಡ್ ತುಂಬಿದಾಗ 55ರಿಂದ 60 ಕಿಲೋ. ಅದನ್ನು ವಾಲಿಸಿದರೆ ಮುಚ್ಚಳದ ಗಾಳಿರಂಧ್ರದಿಂದ ಆಮ್ಲ ಚೆಲ್ಲುತ್ತದೆ. ಹೆಗಲಿನ ಮೇಲೆ, ಬೆನ್ನಿನ ಮೇಲೆ ಹೊರುವ ಮಾತೇ ಇಲ್ಲ. ಆಮ್ಲ ತೊಟ್ಟಿಕ್ಕಿದರೆ ಅಂಗಿ ತೂತಾಗುತ್ತದೆ, ಮೈ ಉರಿಯುತ್ತದೆ. ಚರ್ಮಕ್ಕಾಗಲಿ ಕಣ್ಣಿಗಾಗಲಿ ಸಿಡಿದರೆ ಮದ್ದು ಒಂದೇ, ನೀರು. ಕಣ್ಣಾದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಧಾರೆ ಬಿಟ್ಟು ತೊಳೆದು, ಆಮೇಲೆ ಆಸ್ಪತ್ರೆ. ನೆಲಕ್ಕೆ ಚೆಲ್ಲಿದ್ದಕ್ಕೆ ಅಡುಗೆ ಸೋಡಾ. ಸೋಡಾವನ್ನು ಕಣ್ಣಿಗೆ ಹಾಕಬಾರದು ಎಂದು ಬೇರೆ ಹೇಳಬೇಕಾಗಿ ಬಂದಿದೆ, ಹಾಕುವವರಿದ್ದಾರೆ.

ಘಟ್ಟದ ತಿರುವುಗಳಲ್ಲಿ ಟಾಟಾ ಏಸ್ ಹಿಂದೆ ಸೆಲ್‌ಗಳು ಜಾರಾಡುವುದು ಇನ್ನೊಂದು ಗಂಡಾಂತರ. ಅವು ಮುಂದಿನ ಹಲಗೆಗೆ ತಾಗಿರಬೇಕು, ನಡುವೆ ರಟ್ಟು ಅಥವಾ ಟೈರಿನ ತುಂಡು, ಮೇಲಿಂದ ಹಗ್ಗದ ಬಿಗಿತ. ಅವುಗಳ ಜೊತೆಗೆ ಕಬ್ಬಿಣದ ಸಾಮಾನು ಹಾಕಬೇಡಿ. ಮನೆ ಕಟ್ಟುವವರ ಗಾಡಿಯಲ್ಲಿ ಸರಳುಗಳ ಪಕ್ಕ ಬ್ಯಾಟರಿ ಕಳಿಸುವುದು ನಮ್ಮಲ್ಲಿ ದಿನದ ಮಾತು. ಒಂದು ಸರಳು ಎರಡು ಕಂಬಗಳನ್ನು ಮುಟ್ಟಿತೆಂದರೆ ಅಲ್ಲಿಗೆ ಹರಿಯುವ ಕರೆಂಟು ಸಾವಿರ ಆಂಪಿಯರ್ ದಾಟುತ್ತದೆ. ಹಳ್ಳಿಯ ವೆಲ್ಡಿಂಗ್ ಅಂಗಡಿ ಗೇಟು ಬೆಸೆಯುವುದು ನೂರಿನ್ನೂರು ಆಂಪಿಯರಿನಲ್ಲಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯವೇ ಇಲ್ಲಿ ಅಪಾಯ. ಶಾಕ್ ಹೊಡೆಯದು ನಿಜ, ಉಂಗುರವನ್ನು ಕೆಂಪಗೆ ಕಾಯಿಸಿ ಬೆರಳನ್ನು ಸುಡುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಉಂಗುರ, ವಾಚು, ಕಡಗ, ಕೊರಳ ಸರ ತೆಗೆದಿಡಬೇಕು. ಸ್ಪ್ಯಾನರಿನ ಬಾಯೊಂದನ್ನು ಬಿಟ್ಟು ಉಳಿದ ಮೈಗೆ ಇನ್ಸುಲೇಷನ್ ಟೇಪ್ ಸುತ್ತಬೇಕು. ಬ್ಯಾಟರಿಯ ಪಕ್ಕದಲ್ಲೇ ಒಂದು ಡಿಸಿ ಫ್ಯೂಸ್ ಇರಬೇಕು. ಮನೆಯ ಎಸಿ ಸ್ವಿಚ್‌ಬೋರ್ಡಿನ ಎಂಸಿಬಿ ಇಲ್ಲಿ ನಡೆಯುವುದಿಲ್ಲ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಯ ಕಿಡಿಗೆ ಆ ಬಿಡುವಿಲ್ಲ, ಒಮ್ಮೆ ಹತ್ತಿದರೆ ಎಳೆದುಕೊಂಡೇ ಉರಿಯುತ್ತದೆ.

ಎಲ್ಲಿ ಇಡುವುದು? ಹಳೆಯ ಮನೆಯವರಿಗೆ ಮೊದಲು ನೆನಪಾಗುವುದು ಅಟ್ಟ ಅಥವಾ ಉಪ್ಪರಿಗೆ, ಪ್ಯಾನೆಲ್ ಮಾಡಿನ ಮೇಲಿದೆ, ವೈರ್ ಉಳಿಯುತ್ತದೆ ಎಂದು. ವಾಸದ ಕೋಣೆಯ ನೆಲಕ್ಕೆ ನಮ್ಮ ಐಎಸ್ 875 ಮಾನಕ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಒಂದು ಟನ್ನಿನ ಗೂಡು ಕೂರುವ ಜಾಗ ಹೆಚ್ಚೆಂದರೆ ಒಂದು ಚದರ ಮೀಟರ್. ಸಿಮೆಂಟಿನ ತಾರಸಿಗೇ ಅದು ಐದು ಪಟ್ಟು. ಗೆದ್ದಲು ಮುಟ್ಟಿದ ಮರದ ಜಂತಿಗೆ ಎಷ್ಟು ಪಟ್ಟು ಎಂದು ಹೇಳುವವರಿಲ್ಲ. ಆರು ಸೆಲ್ಲಾದರೂ ನೆಲದ ಮೇಲೇ ಇರಲಿ. ತೇವ ತಾಗದಂತೆ ಕಲ್ಲಿನ ಅಥವಾ ಮರದ ಪೀಠ, ಎರಡು ಸೆಲ್ಲಿನ ನಡುವೆ ಬೆರಳು ತೂರುವಷ್ಟು ಸಂದಿ, ಮುಂದೆ ಒಬ್ಬರು ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ತಿರುಗಿಸುವಷ್ಟು ಜಾಗ. ಒಂದು ಸೆಲ್ ತೆಗೆಯಬೇಕಾದರೆ ಉಳಿದದ್ದನ್ನೆಲ್ಲ ಎತ್ತಿಡುವಂತೆ ಜೋಡಿಸಿದವರು ಅದನ್ನು ಎರಡನೆಯ ಸಲ ತೆಗೆಯುವುದಿಲ್ಲ, ಕೆಟ್ಟದ್ದನ್ನು ಹಾಗೆಯೇ ಬಿಡುತ್ತಾರೆ. ಚಾರ್ಜಾಗುವಾಗ ಹೊರಡುವ ಹೈಡ್ರೋಜನ್ ಗಾಳಿಗಿಂತ ಹಗುರ, ಮಾಡಿನ ಕೆಳಗೆ ಹೋಗಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು. ಕಿಟಕಿ ಎಷ್ಟು ದೊಡ್ಡದಿದ್ದರೂ ಸಾಲದು, ಗೋಡೆಯ ನೆತ್ತಿಯಲ್ಲಿ ಕಿಂಡಿ ಇರಬೇಕು. ದೇವರ ಕೋಣೆಯ ಪಕ್ಕ, ಬಚ್ಚಲೊಲೆಯ ಹಿಂದೆ ಬ್ಯಾಟರಿ ಇಡಬಾರದು ಎನ್ನುವುದು ಇದಕ್ಕೇ.

ಚಾರ್ಜಿಂಗ್ ವಿಷಯ ದೊಡ್ಡದೇನಿಲ್ಲ. ಮುಚ್ಚಿದ ಸೆಲ್ಲಿಗೆ 2.35ರಿಂದ 2.4 ವೋಲ್ಟ್ ತನಕ ಏರಿಸಿ, ಆಮೇಲೆ 2.25ರ ಹತ್ತಿರ ನಿಲ್ಲಿಸುವಂತೆ ಸೋಲಾರ್ ಚಾರ್ಜ್ ಕಂಟ್ರೋಲರಿನಲ್ಲಿ ಹೊಂದಿಸಿ. ಟ್ಯೂಬುಲರಿಗೆಂದು ಇರುವ ಈಕ್ವಲೈಸೇಷನ್ ಬಟನ್ ಮುಟ್ಟಬೇಡಿ, ಮುಚ್ಚಿದ ಸೆಲ್ ಅದರಿಂದ ಇನ್ನಷ್ಟು ಒಣಗುತ್ತದೆ. ಹಳೆಯದರ ಜೊತೆ ಹೊಸದನ್ನು ಸೇರಿಸಬೇಡಿ. ಸಾಲಿನಲ್ಲಿ ಎಲ್ಲರ ವೇಗವನ್ನೂ ಅತಿ ಸೋತ ಸೆಲ್ಲೇ ನಿರ್ಧರಿಸುತ್ತದೆ.

ಲಿಥಿಯಂ ಯಾಕಾಗಬಾರದು ಎಂದು ಕೇಳುವವರಿಗೆ: ಆಗಬಹುದು, ತೂಕದ ಮಟ್ಟಿಗೆ ಅದಕ್ಕೆ ಎದುರಾಳಿಯೇ ಇಲ್ಲ. ಐರನ್ ಫಾಸ್ಫೇಟ್ ಬಗೆಯ 280 ಆಂಪಿಯರ್-ಅವರ್‌ನ ಒಂದು ಸೆಲ್ ಐದೂವರೆ ಕಿಲೋ, 16 ಸೇರಿಸಿದರೆ 14 ಯೂನಿಟ್ ಮೀರುತ್ತದೆ, ಒಟ್ಟು ತೂಕ 90 ಕಿಲೋ ಒಳಗೆ. ಅರ್ಧ ಮಾತ್ರ ಬಳಸುವ ಲೆಕ್ಕದಲ್ಲಿ ಟವರಿನ 24 ಸೆಲ್ ಹೊಸದಾಗಿದ್ದಾಗ ಕೊಡುತ್ತಿದ್ದುದೂ ಅಷ್ಟೇ. ಹಳೆಯ ಕಾರಿನ ಲಿಥಿಯಂಗೆ ಎರಡನೆಯ ಜನ್ಮ ಕೊಡುವ ಪ್ರಯೋಗಗಳು ನಮ್ಮಲ್ಲೇ ನಡೆದಿವೆ. ಬೆಂಗಳೂರು-ಬರ್ಲಿನ್‌ನ ನೂನಮ್ ಸಂಸ್ಥೆ 2022ರಲ್ಲಿ ಆಡಿ ಇ-ಟ್ರಾನ್ ಪರೀಕ್ಷಾ ಕಾರುಗಳ ಬ್ಯಾಟರಿಯನ್ನು ರಿಕ್ಷಾಗಳಿಗೆ ಅಳವಡಿಸಿತು. ಆದರೆ ಅದು ಒಂದೊಂದು ಸೆಲ್ಲನ್ನೂ ಅಳೆಯಬಲ್ಲ ಪ್ರಯೋಗಶಾಲೆಯ ಕೆಲಸ. ಸೀಸದ ಸೆಲ್ ಸಾಯುವಾಗ ನಿಧಾನವಾಗಿ ಸೋಲುತ್ತದೆ, ಹೆಡ್‌ಲೈಟ್ ಬಲ್ಬಿಗೆ ತನ್ನ ಸತ್ಯ ಹೇಳುತ್ತದೆ. ಪೆಟ್ಟು ತಿಂದ, ಊದಿದ ಲಿಥಿಯಂ ಪ್ಯಾಕ್ ಬೆಂಕಿಯ ಮೂಲಕವೇ ಸುದ್ದಿ ಕೊಡಬಹುದು. ಸರಿಯಾದ ಬಿಎಂಎಸ್ (ಬ್ಯಾಟರಿ ನಿರ್ವಹಣಾ ಸರ್ಕ್ಯೂಟ್) ಇಲ್ಲದ ಹಳೆ ಲಿಥಿಯಂ ಮನೆಯೊಳಗೆ ಬೇಡ.

ಇನ್ನು ಕಳಿಸುವ ದಾರಿ. ಇದನ್ನು ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂಬುದು ನನ್ನ ಹಠ. ಏಕೆಂದರೆ ಒಮ್ಮೆ ಸಂಕ ದಾಟಿ ಬಂದ ಸೀಸವನ್ನು ಮತ್ತೆ ಸಂಕ ದಾಟಿಸಲು ಯಾರಿಗೂ ಹುಮ್ಮಸ್ಸು ಇರುವುದಿಲ್ಲ. ಸತ್ತ ಸೆಲ್‌ಗಳು ಕೊಟ್ಟಿಗೆಯ ಹಿಂದೆ ಮಳೆಗೆ ನೆನೆಯುತ್ತವೆ. ಒಂದು ದಿನ ಗುಜರಿಯವನು ಬಂದು, ಭಾರ ಕಡಿಮೆಯಾಗಲೆಂದು ಡಬ್ಬಿ ಒಡೆದು ಆಸಿಡ್ಡನ್ನು ತೋಟದ ಕಾಲುವೆಗೆ ಹರಿಸಿ, ಉಳಿದದ್ದನ್ನು ಒಯ್ಯುತ್ತಾನೆ. ಆ ಆಮ್ಲದಲ್ಲಿ ಸೀಸವೂ ಕರಗಿರುತ್ತದೆ. ಒಯ್ದದ್ದು ಎಲ್ಲಾದರೂ ಬಯಲಲ್ಲಿ ಒಡೆದು ಕರಗಿಸುವವರ ಕೈಸೇರಿದರೆ ಅದರ ಹೊಗೆ ಮತ್ತು ಧೂಳು ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ. ಸೆನೆಗಲ್ ದೇಶದ ಡಾಕರ್ ಬಳಿಯ ಥಿಯಾರೋಯೆ-ಸುರ್-ಮೆರ್ ಎಂಬಲ್ಲಿ ಹಳೆ ಬ್ಯಾಟರಿಯ ಸೀಸ ಬೆರೆತ ಮಣ್ಣನ್ನು ಜನ ಜರಡಿ ಹಿಡಿಯತೊಡಗಿದರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಮಕ್ಕಳು ಸತ್ತರು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸೇರಿ ಹೊರತಂದ ವರದಿ, ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂದು ಅಂದಾಜಿಸಿ, ಬ್ಯಾಟರಿಗಳ ಬೇಕಾಬಿಟ್ಟಿ ಕರಗಿಸುವಿಕೆಯನ್ನು ದೊಡ್ಡ ಕಾರಣವೆಂದು ಹೆಸರಿಸಿತು. ಬೆಂಗಳೂರಿನ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದಶಕಗಳಿಂದ ಹೇಳುತ್ತಾ ಬಂದದ್ದೂ ಇದನ್ನೇ.

ಕಾನೂನೇನೋ ಇದೆ. 2001ರ ನಿಯಮಗಳ ಜಾಗಕ್ಕೆ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಮಾರಿದ ಬ್ಯಾಟರಿಯನ್ನು ಹಿಂದೆ ಪಡೆದು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆ ಉತ್ಪಾದಕರದು, ಬಳಸಿದ್ದನ್ನು ಬೇರೆ ಕಸಕ್ಕೆ ಬೆರೆಸದೆ ಅಲ್ಲಿಗೆ ಸೇರಿಸುವ ಹೊಣೆ ಬಳಕೆದಾರರದು. ಎರಡನೆಯ ಕೈಯಿಂದ ಮೂರನೆಯ ಕೈಗೆ ಬಂದ ಟವರ್ ಸೆಲ್ಲಿಗೆ ಉತ್ಪಾದಕ ಯಾರೆಂದು ಹುಡುಕುವುದು ಕಷ್ಟ. ಆದರೆ ತಾಲ್ಲೂಕು ಕೇಂದ್ರದ ದೊಡ್ಡ ಬ್ಯಾಟರಿ ಡೀಲರುಗಳು ಎಕ್ಸ್‌ಚೇಂಜಿಗೆ ಬಂದ ಹಳೆಯದನ್ನು ಕಂಪನಿಯ ಗಾಡಿಗೇ ತುಂಬಿಸಿ ಕಳಿಸುತ್ತಾರೆ, ಸೀಸದ ಬೆಲೆಯನ್ನೂ ತೂಕಕ್ಕೆ ಸರಿಯಾಗಿ ಕೊಡುತ್ತಾರೆ. ಅವರಲ್ಲಿ ಒಬ್ಬರನ್ನು ಮೊದಲೇ ಕೇಳಿಟ್ಟುಕೊಳ್ಳಿ: ಹಳೆ 2 ವೋಲ್ಟಿನ ಸೆಲ್ ತಗೊಳ್ತೀರಾ, ಆಸಿಡ್ ಸಮೇತ ತಗೊಳ್ತೀರಾ, ರಸೀದಿ ಕೊಡ್ತೀರಾ. ಮೂರಕ್ಕೂ ಹೌದು ಎಂದರೆ ಟವರಿನ ಮಾಲು ನೋಡಲು ಹೊರಡಬಹುದು, ಅಡಿಕೆ ತಕ್ಕಡಿಯನ್ನು ಗಾಡಿಗೆ ಹಾಕಿಕೊಂಡು.